ಬೆಳ್ಳನನ್ನು ಯಾರೂ ಕೇಳಲಿಲ್ಲ

ಹಗ್ಗ ಸವೆದಿರುವುದನ್ನು ಮೊದಲು ಕಂಡವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಕೇಳುತ್ತ ಕೇಳುತ್ತ ಯಾರೂ ನನ್ನನ್ನು ಒಳ್ಳೆಯವನು ಅಂದುಕೊಳ್ಳುವುದು ಬೇಡ.

ನನ್ನ ಹೆಸರು ಪುಟ್ಟಯ್ಯ. ಗುಂಡ್ಲುಪೇಟೆ ಕಡೆಯ ಹೊಲಗೇರಿಯವನು. ಮಸಿನಗುಡಿಯ ಮೇಲಿನ ಬೆಟ್ಟದಿಂದ ಕೊಳವೆಯಲ್ಲಿ ನೀರಿಳಿಸಿ ಕರೆಂಟು ತೆಗೆಯುವ ಕೆಲಸ ಶುರುವಾದಾಗ ಮೇಸ್ತ್ರಿಯೊಬ್ಬ ನಮ್ಮ ಕೇರಿಯಿಂದ ಮೂವತ್ತು ಜನರನ್ನು ಹೊರಡಿಸಿಕೊಂಡು ಬಂದ. ತಮಿಳು ಸೀಮೆಯಿಂದಲೂ ಬಂದಿದ್ದರು. ಎಲ್ಲ ಸೇರಿ ಆರುನೂರು ಜನ. ಅದು ಸಾವಿರದ ಒಂಬೈನೂರ ಮೂವತ್ತೊಂದನೇ ಇಸವಿ.

ಬೆಟ್ಟದ ಮೇಲೆ ಚಳಿ. ಕೆಳಗೆ ಜ್ವರ. ನಡುವೆ ನಾವು. ನಾವು ಮಲಗುವ ತಗಡಿನ ಸಾಲುಮನೆಗಳಿಗೆ ಲೈನು ಎನ್ನುತ್ತಿದ್ದರು. ಮೇಲಿನ ಲೈನಿನಲ್ಲಿ ಮಲಗಿದವರ ಕಾಲು ಹಿಮಕ್ಕೆ ಬಿರಿದು ರಕ್ತ ಬರುತ್ತಿತ್ತು. ಕೆಳಗಿನ ಲೈನಿನಲ್ಲಿ ಮಲಗಿದವರು ನಡುಗಿ ನಡುಗಿ ಸಾಯುತ್ತಿದ್ದರು. ನಾವು ಬಂದ ವರ್ಷದ ಮಳೆಗಾಲದಲ್ಲಿ ನಲವತ್ತೊಂದು ಜನ ಹೋದರು. ಹೂತವರಲ್ಲಿ ನಾನೂ ಇದ್ದೆ. ಗುಂಡಿ ತೋಡಿದ ಅರ್ಧ ದಿನದ ಹಾಜರಿ ಹಾಕಲಿಲ್ಲ.

ಬೆಟ್ಟದ ನೆತ್ತಿಯಿಂದ ಬುಡದವರೆಗೆ ಏಣಿಯಷ್ಟು ಕಡಿದಾಗಿ ಕಂಬಿ ಹಾಕಿದ್ದರು. ಒಬ್ಬ ಮನುಷ್ಯ ಒಳಗೆ ಕೂರುವಷ್ಟು ದೊಡ್ಡ ಕಬ್ಬಿಣದ ಕೊಳವೆಗಳನ್ನು ಟ್ರಾಲಿಯ ಮೇಲಿಟ್ಟು ಆ ಕಂಬಿಯ ಮೇಲೆ ಇಳಿಸಬೇಕು. ನೆತ್ತಿಯಲ್ಲಿ ಒಂದು ವಿಂಚು. ಅದರ ಉರುಳೆಗೆ ತಂತಿ ಹಗ್ಗ ಸುತ್ತಿರುತ್ತದೆ. ಹಗ್ಗದ ತುದಿಗೆ ಟ್ರಾಲಿ. ವಿಂಚಿನ ಬ್ರೇಕು ಹಿಡಿಯುವವನು ನಾನು. ಹಗ್ಗ ಬಿಡುತ್ತ ಬಿಡುತ್ತ ಬ್ರೇಕು ಒತ್ತಬೇಕು. ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಸಂಜೆ ಹೊತ್ತಿಗೆ ಕೈ ಮಡಚಲು ಬರುತ್ತಿರಲಿಲ್ಲ. ಹೆಂಡತಿ ಇದ್ದವರಿಗೆ ಹೆಂಡತಿ ತುತ್ತಿಡುತ್ತಿದ್ದಳು. ನಾನು ತಟ್ಟೆಗೆ ಬಾಯಿ ಹಾಕಿ ಉಣ್ಣುತ್ತಿದ್ದೆ.

ಕೊಳವೆ ಅಲುಗದ ಹಾಗೆ ಟ್ರಾಲಿಯ ಮೇಲೆ ಮೂವರು ನಿಂತು ಮರದ ಬೆಣೆ ಒತ್ತಿ ಹಿಡಿಯಬೇಕಿತ್ತು. ಟ್ರಾಲಿಯ ಮೇಲೆ ಆಳು ಹತ್ತಬಾರದು ಎಂದು ಇಂಗ್ಲಿಷಿನಲ್ಲಿ ಹಲಗೆ ಬರೆದು ನೆಟ್ಟಿದ್ದರು. ಅದರ ಪಕ್ಕದಲ್ಲೇ ಓವರ್ಸಿಯರ್ ನಿಂತು ನಮ್ಮವರನ್ನು ಹತ್ತಿಸುತ್ತಿದ್ದ. ಬೇರೆ ಜಾತಿಯವರನ್ನು ಹತ್ತಿಸುತ್ತಿರಲಿಲ್ಲ. ಹತ್ತು ಎಂದರೆ ಅವರು ಯಾಕೆ ಎಂದು ಕೇಳುತ್ತಿದ್ದರು. ನಾವು ಕೇಳುತ್ತಿರಲಿಲ್ಲ. ಆ ಮೂವರಲ್ಲಿ ನನ್ನ ತಮ್ಮ ಮುದ್ದ ಒಬ್ಬ.

ಬಂದ ಮಾರನೇ ವರ್ಷ, ಒಂದು ಬೆಳಿಗ್ಗೆ ಉರುಳೆಗೆ ಎಣ್ಣೆ ಹಚ್ಚುವಾಗ ಅಂಗೈಗೆ ಏನೋ ಚುಚ್ಚಿತು. ನೋಡಿದರೆ ಹಗ್ಗದ ಎಳೆಗಳು ಮುರಿದು ಜಾಲಿಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಒಂದು ಮಾರು ಉದ್ದಕ್ಕೆ ಹಾಗೇ ಇತ್ತು. ಓವರ್ಸಿಯರನಿಗೆ ತೋರಿಸಿದೆ. ಅವನು ಹಗ್ಗ ನೋಡಲಿಲ್ಲ. ನನ್ನನ್ನು ನೋಡಿದ.

“ಹೊಸ ಹಗ್ಗ ಮದ್ರಾಸಿನಿಂದ ಬರಬೇಕು. ಅಲ್ಲಿವರೆಗೂ ನಿನ್ನ ನರ ಕಿತ್ತು ಕಟ್ಲೇನೋ?” ಎಂದ. ಬೂಟುಗಾಲಲ್ಲಿ ತೊಡೆಗೆ ಒದ್ದ. “ಹೋಗು, ಬ್ರೇಕು ಹಿಡಿ.”

ಆಗ ನಾನು ಗುರುಸ್ವಾಮಿಯ ಹತ್ತಿರ ಹೋದೆ.

ಗುರುಸ್ವಾಮಿ ಯಾರು ಎಂದು ಹೇಳಬೇಕು. ಗೂಡಲೂರಿನಲ್ಲಿ ಬಟ್ಟೆ ವ್ಯಾಪಾರ ಮಾಡುವ ಲಿಂಗಾಯತರ ಮನೆಯ ಮಗ. ಮೂಲ ಮೈಸೂರು ಸೀಮೆ. ಓದಿದವನು. ಉಪ್ಪಿನ ಗಲಾಟೆಯಲ್ಲಿ ಜೈಲಿಗೆ ಹೋಗಿ ಬಂದಿದ್ದ. ಅಲ್ಲಿ ಹಿಡಿದ ಕೆಮ್ಮು ಅವನನ್ನು ಬಿಟ್ಟಿರಲಿಲ್ಲ. ನಮ್ಮ ಲೈನಿನ ಪಕ್ಕ ತಗಡಿನ ಗುಡಿಸಲು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದ. ಬಂದ ಮೊದಲ ವಾರವೇ ನಮ್ಮ ಕೇರಿಯ ಬೆಳ್ಳನ ಮನೆಗೆ ಹೋಗಿ ಹಸಿವಾಗಿದೆ ಎಂದ. ಬೆಳ್ಳನ ಹೆಂಡತಿ ಕೆಂಪಿ ಗಾಬರಿಯಾಗಿ ಬಾಗಿಲಿಗೆ ಅಡ್ಡ ನಿಂತಳು. ಇವನು ಒಳಗೆ ಹೋಗಿ ಕುಳಿತು ಬೆಳ್ಳನ ತಟ್ಟೆಯಿಂದಲೇ ಮುದ್ದೆ ಮುರಿದುಕೊಂಡ. ನಮ್ಮ ತಟ್ಟೆಗೆ ಕೈ ಹಾಕಿದ ಮೇಲುಜಾತಿಯವನನ್ನು ನಾವು ಅದುವರೆಗೂ ಕಂಡಿರಲಿಲ್ಲ. ಒಡೆಯರಿಗೆ ಅಂದ ಹಾಗೆ ಬುದ್ಧಿ ಅನ್ನಬೇಡಿ, ಅಣ್ಣ ಅನ್ನಿ ಎಂದ. ಅಂದಿನಿಂದ ನಮಗೆ ಅವನು ಗುರುಸ್ವಾಮಣ್ಣ. ಬೆಳ್ಳ ಮೂರು ದಿನ ಕಂಡಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಗುರುಸ್ವಾಮಿ ಮೂರು ಸಲ ನಮ್ಮನ್ನು ಎಬ್ಬಿಸಲು ನೋಡಿದ್ದ. ಜ್ವರದ ಸಾವು ಆದಾಗ ಒಮ್ಮೆ. ಕಂಬಳಿ ಕೊಡದಿದ್ದಾಗ ಒಮ್ಮೆ. ನಂಜಿ ಎಂಬುವಳು ಮರಳಿನ ರಾಶಿಯ ಮೇಲೆ ಹೆತ್ತು ಮೂರನೇ ದಿನ ಮತ್ತೆ ಪುಟ್ಟಿ ಹೊತ್ತಾಗ ಒಮ್ಮೆ. ಮೊದಲ ಸಲ ಮೂವತ್ತು ಜನ ಕೆಲಸ ಬಿಟ್ಟು ನಿಂತರು. ಎರಡನೇ ಸಲ ಹನ್ನೆರಡು. ಮೂರನೇ ಸಲ ಅವನೊಬ್ಬನೇ ನಿಂತ. ನಾವು ಅವನ ಮುಂದೆಯೇ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋದೆವು.

ಹಗ್ಗ ನೋಡಲು ಅವನು ಊಟದ ಹೊತ್ತಿನಲ್ಲಿ ಬಂದ. ಮಂಜು ಕವಿದಿತ್ತು. ಮುರಿದ ಎಳೆಗಳ ಮೇಲೆ ಬೆರಳಾಡಿಸಿದ.

“ಇದು ಎಷ್ಟು ದಿನ ತಡೀತದೆ ಪುಟ್ಟಯ್ಯ?”

“ಹತ್ತು ದಿನ ತಡುದ್ರ ಹೆಚ್ಚು ಕನಣ್ಣ. ಕೊಳವೆ ಇಳ್ಸೋದು ನಿಲ್ಸಿ ಅಂತ ಎಲ್ರಿಗೂ ಹೇಳ್ಬುಡಿ.”

“ಹೇಳಿದ್ರೆ ಏನಾಗ್ತದೆ? ಎರಡು ದಿನ ನಿಲ್ಲಿಸ್ತಾರೆ. ತುಂಡು ಸೇರಿಸಿ ಹೆಣೀತಾರೆ. ಮೂರನೇ ದಿನ ನೀವು ಮತ್ತೆ ಅದೇ ಕಂಬಳಿ ಇಲ್ಲದ ಲೈನಿನಲ್ಲಿ ಮಲಗ್ತೀರಿ.” ಅವನು ಕೆಮ್ಮಿದ. ಬಾಯಿ ಒರೆಸಿಕೊಂಡ. “ಈ ಜನ ಕಂಬಳಿಗೆ ಏಳಲಿಲ್ಲ. ಜ್ವರಕ್ಕೆ ಏಳಲಿಲ್ಲ. ಹೆತ್ತವಳಿಗೆ ಏಳಲಿಲ್ಲ. ಎದುರಿಗೇ ರಕ್ತ ಕಂಡ್ರೆ ಏಳಬಹುದು.”

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

“ಯಾರಿಗೂ ಹೇಳಬೇಡ” ಎಂದ.

“ಆಗ್ಲಿ ಕನಣ್ಣ” ಎಂದೆ.

ಮಾರನೇ ಬೆಳಿಗ್ಗೆ ಮೇಸ್ತ್ರಿಯ ಕಾಲು ಹಿಡಿದು ನನ್ನ ತಮ್ಮನನ್ನು ಟ್ರಾಲಿಯಿಂದ ಬಿಡಿಸಿದೆ. ಅವನಿಗೆ ತಲೆ ಸುತ್ತು ಬರುತ್ತದೆ ಎಂದು ಹೇಳಿದೆ. ಅವನನ್ನು ಜಲ್ಲಿ ಒಡೆಯಲು ಹಾಕಿದರು. ಟ್ರಾಲಿಗೆ ಒಂದು ಆಳು ಕಡಿಮೆಯಾಯಿತು. ಓವರ್ಸಿಯರ್ ಸುತ್ತ ನೋಡಿದ. ಬೆಳ್ಳ ಎದುರಿಗೆ ನಿಂತಿದ್ದ. ಬಾರೋ ಇಲ್ಲಿ ಎಂದ. ಬೆಳ್ಳ ಹೋದ. ಹತ್ತುವಾಗ ನನ್ನ ಕಡೆ ನೋಡಿ ನಕ್ಕ. ಬ್ರೇಕು ಹಿಡಿಯುವವನು ತಮ್ಮ ಕೇರಿಯವನೇ ಎಂಬ ಧೈರ್ಯ ಅವನಿಗೆ.

ಏಳು ದಿನ ಏನೂ ಆಗಲಿಲ್ಲ. ಒಂದೊಂದು ಕೊಳವೆ ಇಳಿಯುವಾಗಲೂ ಹಗ್ಗದ ಆ ಒಂದು ಮಾರನ್ನೇ ನೋಡುತ್ತ ಬ್ರೇಕು ಒತ್ತಿದೆ. ಎಂಟನೇ ದಿನ ಹಗ್ಗ ಹರಿಯಿತು.

ಟ್ರಾಲಿ ಇಳಿಜಾರಿನ ಅರ್ಧಕ್ಕೆ ಹೋಗಿತ್ತು. ಒಂದು ಸದ್ದಾಯಿತು. ಬಂದೂಕು ಹಾರಿದ ಹಾಗೆ. ಹರಿದ ತುದಿ ಹಿಂದಕ್ಕೆ ಬೀಸಿ ಬಂದು ನನ್ನ ಬಲಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ಟ್ರಾಲಿಯ ಮೇಲಿದ್ದ ಇಬ್ಬರು ನೆಗೆದರು. ಬೆಳ್ಳ ಬೆಣೆ ಬಿಡಲಿಲ್ಲ. ಬಿಟ್ಟರೆ ಕೊಳವೆ ಉರುಳಿ ಕೆಳಗೆ ಮರಳು ಹೊರುವ ಹೆಂಗಸರ ಮೇಲೆ ಹೋಗುತ್ತದೆ ಅಂದುಕೊಂಡನೋ, ಕೈ ಸಿಕ್ಕಿಕೊಂಡಿತ್ತೋ, ಗೊತ್ತಿಲ್ಲ. ಕೆಳಗಿನ ತಿರುವಿನಲ್ಲಿ ಟ್ರಾಲಿ ಕಂಬಿ ಬಿಟ್ಟಿತು. ಕೊಳವೆ ಅವನ ಮೇಲೆ ಹೋಯಿತು.

ಕೆಂಪಿ ಅಲ್ಲೇ ಮರಳು ಹೊರುತ್ತಿದ್ದಳು. ಪುಟ್ಟಿ ಎಸೆದು ಓಡಿದಳು. ಎತ್ತಲು ಅಲ್ಲಿ ಏನೂ ಒಂದಾಗಿ ಇರಲಿಲ್ಲ. ಸಿಮೆಂಟಿನ ಖಾಲಿ ಚೀಲ ತಂದಳು. ಒಬ್ಬಳೇ ಕೂತು ತುಂಬಿದಳು. ಯಾರನ್ನೂ ಮುಟ್ಟಗೊಡಲಿಲ್ಲ. ಸಿಮೆಂಟಿನ ದೂಳು ರಕ್ತಕ್ಕೆ ಕಲೆತು ಅವಳ ಕೈಯೆಲ್ಲ ಗಟ್ಟಿಯಾಗಿ ಕಚ್ಚಿಕೊಂಡಿತು.

ಓವರ್ಸಿಯರ್ ಇಳಿದು ಬಂದ. ಕಂಬಿ ಬಗ್ಗಿದೆಯೇ ಎಂದು ನೋಡಿದ. ಬಗ್ಗಿರಲಿಲ್ಲ.

“ಚೀಲ ಪಕ್ಕಕ್ಕಿಡಿ. ಬೇರೆ ಹಗ್ಗದ ತುಂಡು ಹೆಣೀರಿ. ಮಧ್ಯಾಹ್ನಕ್ಕೆ ಇನ್ನೊಂದು ಕೊಳವೆ ಇಳೀಬೇಕು” ಎಂದ.

ಕೆಂಪಿ ಎದ್ದು ಎರಡು ಕಂಬಿಗಳ ನಡುವೆ ಹೋಗಿ ಕುಳಿತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

“ಏಳು” ಎಂದ ಓವರ್ಸಿಯರ್.

“ಏಳಕಿಲ್ಲ.”

“ಏಳ್ತೀಯೋ, ಎಳೆಸಲೋ?”

“ನನ್ ಮ್ಯಾಲ ಇಳ್ಸು ಕೊಳವೆಯ. ಏಳಕಿಲ್ಲ.”

ಓವರ್ಸಿಯರ್ ಬೆತ್ತದಿಂದ ಅವಳ ಹೆಗಲಿಗೆ ಹೊಡೆದ. ಅವಳು ಅಲ್ಲಾಡಲಿಲ್ಲ. ಇನ್ನೊಂದು ಹೊಡೆಯಲು ಎತ್ತುವಷ್ಟರಲ್ಲಿ ನಂಜಿ ಬಂದು ಅವಳ ಪಕ್ಕದಲ್ಲಿ ಕುಳಿತಳು. ಆಮೇಲೆ ಮರಳು ಹೊರುವವರೆಲ್ಲ ಬಂದರು. ಆಮೇಲೆ ಗಂಡಸರು. ಸಂಜೆಯೊಳಗೆ ನೆತ್ತಿಯಿಂದ ಬುಡದವರೆಗೆ ಕಂಬಿಯ ಮೇಲೆ ಆರುನೂರು ಜನ ಕುಳಿತಿದ್ದರು. ಅವರನ್ನು ಕೂರಿಸಿದವನು ಗುರುಸ್ವಾಮಿಯಲ್ಲ. ಕೆಂಪಿ. ಅವನು ಆಮೇಲೆ ಬಂದ. ಬಂದು ಕಂಬಿಯ ಮೇಲೆ ಕುಳಿತವರನ್ನು ನೋಡಿ ಅತ್ತ. ಅವನ ಅಳು ನಾಟಕವಲ್ಲ.

ಮುಷ್ಕರ ಹನ್ನೆರಡು ದಿನ ನಡೆಯಿತು. ಗುರುಸ್ವಾಮಿ ನಿದ್ದೆ ಮಾಡಲಿಲ್ಲ. ಮೇಲೆ ಕೆಳಗೆ ಓಡಾಡಿದ. ತನ್ನ ಕಂಬಳಿಯನ್ನು ನಂಜಿಯ ಕೂಸಿಗೆ ಕೊಟ್ಟ. ಪೊಲೀಸರು ಬಂದಾಗ ಮುಂದೆ ನಿಂತು ಹೊಡೆತ ತಿಂದ. ಲೈನುಗಳಲ್ಲಿ ಹಿಟ್ಟು ಮುಗಿದಾಗ ಬೆಟ್ಟದ ಮೇಲೆ ಬೇಸಾಯ ಮಾಡುವ ಬಡಗ ಜನರ ಹಟ್ಟಿಗೆ ನಡೆದುಹೋಗಿ ಕೈಮುಗಿದ. ಆ ಹಟ್ಟಿಯ ಭೋಜನ್ ಎಂಬ ರೈತ ಆಲೂಗಡ್ಡೆಯ ಮೂಟೆ, ರಾಗಿ ಮೂಟೆ ಹೊರಿಸಿಕೊಂಡು ಬಂದ. ಹಳ್ಳದ ಆಚೆ ದಡದಲ್ಲಿ ಇಳಿಸಿದ. “ಎಂಗಳ ಹಟ್ಟಿಲಿ ಇದ್ದದ್ದು ಇದೇ. ತಕ್ಕೊಳ್ಳಿ” ಎಂದ. ಅವನು ದೂರ ಸರಿದ ಮೇಲೆ ನಾವು ಹೋಗಿ ಎತ್ತಿಕೊಂಡೆವು. ಹಳ್ಳ ದಾಟಲಿಲ್ಲ ಅವನು. ಆದರೆ ಬಂದಿದ್ದ.

ದಿನಾ ಸಂಜೆ ಗುರುಸ್ವಾಮಿ ಕಲ್ಲಿನ ಕಟ್ಟೆಯ ಮೇಲೆ ನಿಂತು ಮಾತಾಡುತ್ತಿದ್ದ. ಕೆಂಪಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಸವೆದ ಹಗ್ಗದಲ್ಲಿ ಮನುಷ್ಯರನ್ನು ಇಳಿಸಿದ ಕೊಲೆಗಡುಕರು ಎಂದು ಕೂಗುತ್ತಿದ್ದ. ಅದು ನಿಜ. ಜನ ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ.

ನನ್ನ ಕೈಯ ಗಾಯ ಕೀವಾಯಿತು. ಕೆಂಪಿ ದಿನಾ ಬಂದು ಬಿಸಿನೀರಲ್ಲಿ ತೊಳೆದು ಅರಿಶಿನ ಕಟ್ಟುತ್ತಿದ್ದಳು. ತನ್ನ ಪಾಲಿನ ಗಂಜಿಯಲ್ಲಿ ಅರ್ಧ ನನಗೆ ಕುಡಿಸುತ್ತಿದ್ದಳು. ಒಂಬತ್ತನೇ ದಿನ ಕಟ್ಟು ಬಿಚ್ಚುತ್ತ ಹೇಳಿದಳು.

“ಅವನ ಉಳ್ಸಾಕ ಹೋಗಿ ಕೈ ಸೀಳಿಸ್ಕಂಡೆ ನೀನು. ನಿನ್ ಋಣ ನಾ ಹೆಂಗ ತೀರ್ಸ್ಲಣ್ಣ?”

ಅವಳು ಹೊಸ ಕಟ್ಟು ಸುತ್ತುವಾಗ ಎಲ್ಲ ಹೇಳಿದೆ. ಹಗ್ಗ ಕಂಡದ್ದು. ಗುರುಸ್ವಾಮಿ ಬಂದು ಮುಟ್ಟಿ ನೋಡಿದ್ದು. ಸುಮ್ಮನಿರು ಅಂದದ್ದು. ನಾನು ಆಗಲಿ ಅಂದದ್ದು.

ಅವಳು ಕಟ್ಟು ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಹೊಡೆಯುತ್ತಾಳೆ ಅಂದುಕೊಂಡೆ.

“ಟ್ರಾಲಿ ಮ್ಯಾಲ ಮೊದ್ಲು ನಿನ್ ತಮ್ಮ ಇದ್ದನಲ್ವ?” ಎಂದಳು.

“ಇದ್ದ.”

ಅವಳು ಕಟ್ಟನ್ನು ಪೂರ್ತಿ ಕಟ್ಟಿ ಗಂಟು ಹಾಕಿದಳು. ಎದ್ದಳು. “ಬಾ ನನ್ ಜೊತೇಲಿ” ಎಂದಳು.

ಗುರುಸ್ವಾಮಿ ಗುಡಿಸಲಿನಲ್ಲಿ ಏನೋ ಬರೆಯುತ್ತಿದ್ದ. ಕೆಂಪಿ ಹೊಸಿಲಿನ ಆಚೆಯೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

“ಬುದ್ಧಿ, ಹಗ್ಗದ ವಿಸ್ಯ ನಿಮ್ಗ ಮೊದ್ಲೇ ಗೊತ್ತಿತ್ತಾ?”

ಬುದ್ಧಿ ಎಂದದ್ದು ಅವನಿಗೆ ನಾಟಿತು. ನನ್ನ ಕಡೆ ನೋಡಿದ. ಲೇಖನಿ ಕೆಳಗಿಟ್ಟ.

“ಗೊತ್ತಿತ್ತು” ಎಂದ. ಸುಳ್ಳು ಹೇಳಲಿಲ್ಲ. ಅಷ್ಟನ್ನು ಅವನ ಪರವಾಗಿ ಹೇಳಬೇಕು.

“ಯಾಕ ಹೇಳ್ಲಿಲ್ಲ?”

“ಕೆಂಪಿ, ಹೋದ ವರ್ಷ ಕೆಳಗಿನ ಲೈನಿನಲ್ಲಿ ನಲವತ್ತೊಂದು ಜನ ಸತ್ತರು. ಈ ವರ್ಷವೂ ಸಾಯ್ತಿದ್ರು. ಮುಂದಿನ ವರ್ಷವೂ. ಅವರ ಹೆಂಡಿರು ಮಕ್ಕಳೂ ನಿನ್ನ ಹಾಗೇ ಅತ್ತರು. ಯಾರು ಎದ್ದರು ಹೇಳು? ಈಗ ಎದ್ದಿದ್ದಾರೆ. ಡಾಕ್ಟರನ್ನು ಕೊಡ್ತೀವಿ ಅಂತಿದ್ದಾರೆ. ಕಂಬಳಿ ಕೊಡ್ತೀವಿ ಅಂತಿದ್ದಾರೆ. ಬೆಳ್ಳ ನನಗೆ ಬೇಡದವನಾಗಿದ್ನಾ? ಅವನ ತಟ್ಟೆಯಲ್ಲಿ ಉಂಡಿದ್ದೀನಿ. ನನಗೆ ಊಟ ಸೇರ್ತಿಲ್ಲ. ಆದರೆ ಒಂದು ಜೀವ ಒಂದು ಕಡೆ, ಇಷ್ಟು ಜೀವ ಒಂದು ಕಡೆ. ನಾನೇನು ಮಾಡ್ಬೇಕಿತ್ತು?”

“ಅವನ್ನ ಕೇಳ್ಬೇಕಿತ್ತು.”

“ಏನಂತ ಕೇಳ್ಲಿ?”

“ಹಗ್ಗ ಹರೀತದ, ನೀ ಸಾಯ್ತಿಯೆ, ನೀ ಸತ್ರ ಜನ ಏಳ್ತಾರ, ಆಯ್ತದಾ ಅಂತ. ಹಿಂಗೇ ಕೇಳ್ಬೇಕಿತ್ತು.”

“ಯಾರಾದರೂ ಹೂಂ ಅಂತಾರಾ ಕೆಂಪಿ?”

“ಅಂವ ಅಂತಿದ್ನೇನೋ!” ಅವಳ ದನಿ ಮೊದಲ ಸಲ ಒಡೆಯಿತು. “ಅಂಥ ಪೆದ್ದ ಅಂವ. ನೀವು ನಮ್ಮನೇಲಿ ಉಂಡ್ರಿ ಅಂತ ನಿಮ್ಗಾಗಿ ಏನ್ ಬೇಕಾದ್ರೂ ಮಾಡ್ತಿದ್ದ. ಕೇಳಿದ್ರ ಹೂಂ ಅಂದ್ರೂ ಅಂತಿದ್ದ. ಇಲ್ಲ ಅಂದಿದ್ರ ಇಳ್ಕತಿದ್ದ. ಮಾರಿಗ ಕುರಿ ಕಡ್ಯವಾಗ್ಲೂ ತಲೆ ಮ್ಯಾಲ ನೀರು ಹಾಕಿ, ಅದು ಮೈ ಒದರಿ ಒಪ್ಪಗಂಟ ಕಾಯ್ತಾರ ಬುದ್ಧಿ. ಅಷ್ಟನ್ನೂ ಮಾಡ್ಲಿಲ್ಲ ನೀವು.”

ಗುರುಸ್ವಾಮಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡೇ ಹೇಳಿದ.

“ಇನ್ನು ಮೂರು ದಿನ. ಒಪ್ಪಂದ ಆಗಲಿ. ಆಮೇಲೆ ನಾನೇ ಎಲ್ಲರ ಮುಂದೆ ನಿಂತು ಹೇಳ್ತೀನಿ. ಈಗ ಗೊತ್ತಾದ್ರೆ ಎಲ್ಲ ಮುರಿದು ಹೋಗ್ತದೆ. ಬೆಳ್ಳ ಸತ್ತದ್ದೂ ದಂಡವಾಗ್ತದೆ.”

“ಈಗ್ಲೇ ಹೇಳಿ. ಕೇಳ್ದ ಮ್ಯಾಲೂ ಜನ ನಿಂತ್ರ ನಿಲ್ಲಲಿ. ಇಲ್ದಿದ್ರ ಅದು ನಿಮ್ ಸ್ಟ್ರೈಕು, ಅವ್ರದಲ್ಲ.”

ಅವನು ಮುಖದಿಂದ ಕೈ ತೆಗೆದು ಲೇಖನಿ ಎತ್ತಿಕೊಂಡ.

ಗುಡಿಸಲಿನ ಗೋಡೆ ತಗಡಿನದು. ಮಾತು ಯಾರ ಕಿವಿಗೋ ಬಿದ್ದಿತ್ತು. ಮಾರನೇ ದಿನ ಕೆಲಸ ಹಿಡಿದಿದ್ದ ಕಂಟ್ರಾಕ್ಟರನ ಗುಮಾಸ್ತ ಕೆಂಪಿಯನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಕಾಗದ. ಗುರುಸ್ವಾಮಿ ಬೇಕೆಂದೇ ಅಪಘಾತ ಆಗಗೊಟ್ಟ ಎಂದು ಹೆಬ್ಬೆಟ್ಟು ಒತ್ತು, ಊರಲ್ಲಿ ನಿನಗೊಂದು ಮನೆ ಕಟ್ಟಿಸಿಕೊಡುತ್ತೇವೆ ಎಂದ. ಕೆಂಪಿ ಕಾಗದ ಇಸಿದುಕೊಂಡಳು. ಒಲೆಗೆ ಹಾಕಿದಳು.

“ಹಗ್ಗ ನಿಮ್ದು” ಎಂದಳು. ಅಷ್ಟೇ.

ಆದರೆ ಗುಮಾಸ್ತ ಅವಳ ಮನೆಯೊಳಗೆ ಹೋಗಿ ಬಂದದ್ದನ್ನು ಲೈನಿನ ಜನ ನೋಡಿದ್ದರು.

ಹನ್ನೆರಡನೇ ದಿನ ಮಧ್ಯಾಹ್ನ ಸಭೆ. ಕಂಟ್ರಾಕ್ಟರ್ ಒಪ್ಪಿದ್ದ. ಗುರುಸ್ವಾಮಿ ಕಟ್ಟೆಯ ಮೇಲೆ ನಿಂತು ಒಂದೊಂದಾಗಿ ಓದಿದ. ಕೆಳಗಿನ ಲೈನಿಗೆ ಡಾಕ್ಟರು, ಜ್ವರದ ಮದ್ದು. ಮೇಲಿನ ಲೈನಿಗೆ ಕಂಬಳಿ. ಹೆತ್ತವಳಿಗೆ ಒಂದು ತಿಂಗಳು ಬಿಡುವು. ಟ್ರಾಲಿಯ ಮೇಲೆ ಇನ್ನು ಯಾರನ್ನೂ ಹತ್ತಿಸುವಂತಿಲ್ಲ. ಜನ ಕುಣಿದರು. ಕೆಂಪಿ ಬರುವುದಿಲ್ಲ ಎಂದರೂ ನಾಲ್ವರು ಹೆಂಗಸರು ಅವಳನ್ನು ಎಳೆತಂದು ಕಟ್ಟೆಯ ಮೇಲೆ ಕೂರಿಸಿದ್ದರು.

“ಬೆಳ್ಳ ನಮಗಾಗಿ ಪ್ರಾಣ ಕೊಟ್ಟ” ಎಂದ ಗುರುಸ್ವಾಮಿ.

ಕೆಂಪಿ ಎದ್ದು ನಿಂತಳು.

“ಕೊಡ್ಲಿಲ್ಲ” ಎಂದಳು. “ಕಿತ್ಕಂಡ್ರು. ಸವೆದ ಹಗ್ಗದಲ್ಲಿ ಇಳ್ಸ್ದವ್ರು ಅವ್ರು. ಸವುದದ ಅಂತ ಗೊತ್ತಿದ್ದೂ ಸುಮ್ಗಿದ್ದವ್ರು ಇವ್ರು. ನೀವು ಗೆದ್ದಿದ್ದೀರಿ. ಬ್ಯಾಡ ಅನ್ನಕಿಲ್ಲ. ಆದ್ರ ನನ್ ಗಂಡ ಏನಾಗಿ ಸತ್ತ ಅಂತ ತಿಳ್ಕಂಡು ಗೆಲ್ಲಿ. ಪುಟ್ಟಯ್ಯಣ್ಣನ್ನ ಕೇಳಿ. ಹಗ್ಗ ಕಂಡಂವ ಅವನೇ.”

ಆರುನೂರು ಮುಖ ನನ್ನ ಕಡೆ ತಿರುಗಿದವು.

ನಾನು ಗುರುಸ್ವಾಮಿಯನ್ನು ನೋಡಿದೆ. ಅವನು ನನಗೆ ಸನ್ನೆ ಮಾಡಲಿಲ್ಲ. ಬೇಡಲಿಲ್ಲ. ಕಟ್ಟೆಯ ಕೆಳಗೆ ನಂಜಿ ಕೂಸನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದಳು. ಅವಳ ಹಿಂದೆ ನನ್ನ ತಮ್ಮ. ಅವನಿಗೆ ಮೂರು ದಿನದಿಂದ ಜ್ವರ. ಹೌದು ಎಂದರೆ ಕಂಟ್ರಾಕ್ಟರ್ ಈ ಕ್ಷಣವೇ ಕಾಗದ ಹರಿಯುತ್ತಾನೆ. ಡಾಕ್ಟರು ಬರುವುದಿಲ್ಲ. ಹೀಗೆ ಯೋಚಿಸಿದೆ. ಇದೆಲ್ಲ ನಿಜ. ಇದರ ಕೆಳಗೆ ಇನ್ನೊಂದಿತ್ತು. ಹೌದು ಎಂದರೆ ತಮ್ಮನನ್ನು ಇಳಿಸಿ ಬೆಳ್ಳನನ್ನು ಹತ್ತಗೊಟ್ಟದ್ದನ್ನೂ ಹೇಳಬೇಕು.

“ನನಗ ಏನೂ ಗೊತ್ತಿಲ್ಲ” ಎಂದೆ.

ಯಾರೋ “ಗುಮಾಸ್ತನ್ನ ಒಳಕ್ಕ ಕರ್ಕಂಡಿದ್ದಳು” ಎಂದು ಕೂಗಿದರು. ಮೊದಲ ಕಲ್ಲು ಎಲ್ಲಿಂದ ಬಂತೋ ಕಾಣಲಿಲ್ಲ. ಅವಳ ಹುಬ್ಬಿಗೆ ಬಿತ್ತು. ಗುರುಸ್ವಾಮಿ ಅಡ್ಡ ನಿಂತು ಎರಡು ಕೈ ಚಾಚಿದ.

“ಹೊಡೀಬೇಡಿ! ಗಂಡ ಸತ್ತ ದುಃಖದಲ್ಲಿ ಆಕೆಗೆ ತಲೆ ಕೆಟ್ಟಿದೆ. ಬಿಟ್ಟುಬಿಡಿ” ಎಂದ.

ಕಲ್ಲು ಬಿದ್ದಾಗ ಕೆಂಪಿ ಅಲ್ಲೇ ನಿಂತಿದ್ದಳು. ಈ ಮಾತು ಕೇಳಿದ ಮೇಲೆ ಕಟ್ಟೆಯಿಂದ ಇಳಿದಳು.

ಮುಷ್ಕರ ಗೆದ್ದ ಮೇಲೆ ನಾವು ಮಾಡಿದ ಮೊದಲ ಕೆಲಸ ಅವಳನ್ನು ಲೈನಿನಿಂದ ಹೊರಗೆ ಹಾಕಿದ್ದು. ಕಂಟ್ರಾಕ್ಟರ್ ಹೇಳಿದ್ದಲ್ಲ. ನಾವೇ ಕೂತು ತೀರ್ಮಾನಿಸಿದೆವು. ಕೈ ಎತ್ತಿ ಎಂದರು. ನಾನೂ ಎತ್ತಿದೆ. ಅವಳು ಕಟ್ಟು ಕಟ್ಟಿದ್ದ ಕೈ ಮೇಲೇಳಲಿಲ್ಲ. ಇನ್ನೊಂದನ್ನು ಎತ್ತಿದೆ. ಅವಳು ಒಂದು ಮಡಕೆ, ಒಂದು ಸೀರೆ ತೆಗೆದುಕೊಂಡು ಮಸಿನಗುಡಿಯ ದಾರಿ ಇಳಿದಳು.

ಒಪ್ಪಂದವಾದ ಮೇಲೆ ನಾನೇ ಹೇಳುತ್ತೇನೆ ಎಂದಿದ್ದ ಗುರುಸ್ವಾಮಿ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಡಾಕ್ಟರು ಬಂದರು. ಆ ಮಳೆಗಾಲದಲ್ಲಿ ಜ್ವರಕ್ಕೆ ಸತ್ತವರು ಒಂಬತ್ತು ಜನ. ನನ್ನ ತಮ್ಮ ಉಳಿದ. ಇದನ್ನು ಮುಚ್ಚಿಟ್ಟರೆ ನಾನು ಇನ್ನೊಂದು ಸಲ ಸುಳ್ಳು ಹೇಳಿದ ಹಾಗೆ. ಗುರುಸ್ವಾಮಿ ಹೇಳಿದ್ದು ನಡೆಯಿತು. ಬೆಳ್ಳ ಸಾಯದಿದ್ದರೆ ಸಾಯಬೇಕಾಗಿದ್ದ ಮೂವತ್ತೆರಡು ಜನ ಎಲ್ಲೋ ಉಣ್ಣುತ್ತಿದ್ದಾರೆ. ಅವರಲ್ಲಿ ಒಬ್ಬನಿಗೂ ಬೆಳ್ಳನ ಹೆಸರು ನೆನಪಿಲ್ಲ.

ಕೆಲಸ ಮುಗಿಯಿತು. ಬೆಟ್ಟದ ಮೇಲಿನ ಬಂಗಲೆಗಳಲ್ಲಿ ದೀಪ ಹತ್ತಿತು. ನಮ್ಮ ಲೈನುಗಳನ್ನು ಕಿತ್ತು ತಗಡು ಮಾರಿದರು. ನಾನು ಗೂಡಲೂರಿಗೆ ಬಂದು ಮರ ಕೊಯ್ಯುವ ಕೆಲಸಕ್ಕೆ ಸೇರಿದೆ.

ಅದಾಗಿ ಕೆಲವು ವರ್ಷಕ್ಕೆ, ಈ ಸಲದ ಮಾಘದಲ್ಲಿ ಗುರುಸ್ವಾಮಿ ನನ್ನನ್ನು ಹುಡುಕಿಕೊಂಡು ಬಂದ. ಅರ್ಧ ಆಳಾಗಿದ್ದ. ಮರದ ದಿಮ್ಮಿಯ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದ. ಹತ್ತಿರದ ಒಂದು ಟೀ ಫ್ಯಾಕ್ಟರಿಯ ವಿಷಯ ಹೇಳಿದ. ಅಲ್ಲಿ ನೂರಿಪ್ಪತ್ತು ಜನ. ಮುಕ್ಕಾಲು ಪಾಲು ಹೆಂಗಸರು. ಬೆಳಗಿನ ಜಾವದಿಂದ ಕತ್ತಲಾಗುವವರೆಗೂ ಎಲೆ ಸೋಸುವುದು. ಬಗ್ಗಿದ ಬೆನ್ನು ಎತ್ತಿದರೆ ಬೆತ್ತ. ಎರಡು ವರ್ಷದಿಂದ ಎಬ್ಬಿಸಲು ನೋಡುತ್ತಿದ್ದೇನೆ, ಏಳುತ್ತಿಲ್ಲ ಎಂದ.

“ಆವಿ ಎಬ್ಬಿಸುವ ಬಾಯ್ಲರಿನ ಕಬ್ಬಿಣದ ಹೊಲಿಗೆ ಬಿಟ್ಟಿದೆಯಂತೆ. ಬೆಂಕಿ ಹಾಕುವವನು ಬಂದು ಹೇಳಿದ. ಹೆಚ್ಚು ದಿನ ತಡೆಯೋದಿಲ್ಲ” ಎಂದ. “ನೀನು ಬಂದು ಹತ್ತಿರ ಇರು ಪುಟ್ಟಯ್ಯ. ಏನಾದರೂ ಆದಾಗ ಜನರನ್ನು ಹಿಡಿದು ನಿಲ್ಲಿಸೋರು ಬೇಕಾಗ್ತದೆ” ಎಂದ.

ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

“ಬರಕಿಲ್ಲ ಬುದ್ಧಿ” ಎಂದೆ. “ಅಷ್ಟು ಬೇಕಾದ್ರ ನೀವೇ ಹೋಗಿ ಆ ಬಾಯ್ಲರ್ ಪಕ್ಕ ನಿಂತ್ಕಳಿ.”

“ಅದನ್ನೂ ಯೋಚಿಸಿದ್ದೀನಿ. ನಾನು ಸತ್ತರೆ ಅವರು ಏಳಲ್ಲ. ಅವರಲ್ಲೇ ಒಬ್ಬರು ಸಾಯಬೇಕು” ಎಂದ.

ಅವನು ಹೋದ ಮೇಲೆ ನಾನು ಗರಗಸ ಕೆಳಗಿಟ್ಟು ಮಸಿನಗುಡಿಗೆ ನಡೆದೆ. ಕೆಂಪಿ ಅಲ್ಲಿ ದನ ಕೂಡುವ ಒಂದು ಪಟ್ಟಿಯಲ್ಲಿ ಸಗಣಿ ಎತ್ತುತ್ತಿದ್ದಳು. ಮೊಣಕೈವರೆಗೆ ಸಗಣಿ. ಹುಬ್ಬಿನ ಮೇಲೆ ಗಾಯದ ಗುರುತು. ನನ್ನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. ನಾನು ಅವಳ ಪುಟ್ಟಿಯ ಪಕ್ಕ ಕೂತು ಬಾಯ್ಲರಿನ ವಿಷಯ ಹೇಳಿದೆ. ನೀನೂ ಬಾ, ನೀನು ಹೇಳಿದರೆ ನಂಬುತ್ತಾರೆ ಎಂದೆ.

“ಅವತ್ತು ನನ್ನ ನಂಬಿದ್ರಾ?” ಎಂದಳು.

ನಾನು ಕೈಗೆ ಸಿಕ್ಕ ಸಗಣಿ ಎತ್ತಿ ಅವಳ ಪುಟ್ಟಿಗೆ ಹಾಕಿದೆ.

“ಆರ್ನೂರು ಜನ ಇದ್ರಣ್ಣ ಅವತ್ತು. ಅಷ್ಟೂ ಜನ ಬ್ಯಾಡಾಗಿತ್ತು ನನಗ. ನೀನೊಬ್ಬ ಸಾಕಾಗಿತ್ತು.” ಪುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು. “ನಾ ಬರಕಿಲ್ಲ. ನಾ ಹೇಳೋದ ಹೇಳಾಯ್ತು. ಇದು ನೀ ಹೇಳ್ಬೇಕಾದ್ದು. ನಂಬ್ದಿದ್ರೂ ಹೋಗಿ ಹೇಳು.”

ಅವಳು ಪುಟ್ಟಿ ಹೊತ್ತು ಹೋದಳು. ತಿರುಗಿ ನೋಡಲಿಲ್ಲ.

ಮಾರನೇ ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನಲ್ಲಿ ನಿಂತೆ. ಕೆಲಸಕ್ಕೆ ಬರುವವರಿಗೆ ಒಬ್ಬೊಬ್ಬರಿಗೂ ಹೇಳಿದೆ. ಬಾಯ್ಲರಿನ ಹೊಲಿಗೆ ಬಿಟ್ಟಿದೆ, ಒಳಗೆ ಹೋಗಬೇಡಿ ಎಂದೆ. ಕೆಲವರು ನಿಂತರು. ಅಷ್ಟರಲ್ಲಿ ಒಬ್ಬ ನನ್ನ ಗುರುತು ಹಿಡಿದ. ಬೆಟ್ಟದ ಕೆಲಸದಲ್ಲಿ ನಮ್ಮ ಜೊತೆಗಿದ್ದವನು. ಮುಷ್ಕರ ತಂದ ಡಾಕ್ಟರಿನಿಂದ ಬದುಕಿ ಉಳಿದವನು.

“ಕೆಂಪಿ ಸುಳ್ಳಿ ಅಂದಂವ ನೀನೇ ಅಲ್ವ?” ಎಂದ.

“ಕೆಂಪಿ ಹೇಳಿದ್ದೇ ನಿಜ ಕನಪ್ಪ. ಸುಳ್ಳು ಹೇಳಿದ್ದು ನಾನು.”

“ಅವತ್ತು ಸುಳ್ಳು ಹೇಳ್ದಂವ ಇವತ್ತು ನಿಜ ಹೇಳೀಯಾ?” ಎಂದ. ಸುತ್ತ ನಿಂತವರು ನಕ್ಕರು. ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಹೋದರು. ಬೆಂಕಿ ಹಾಕುವವನೂ ಹೋದ. ಅವನು ನನ್ನ ಮುಖ ನೋಡಲಿಲ್ಲ.

ನಾನು ಈಗ ದಿನಾ ಹೋಗುತ್ತೇನೆ. ಗೇಟಿನ ಕಾವಲುಗಾರ ಎರಡು ಸಲ ಹೊಡೆದ. ಮರ ಕೊಯ್ಯುವ ಕೆಲಸ ಹೋಯಿತು. ನನ್ನನ್ನು ಕಂಡರೆ ಹೆಂಗಸರು ಹುಚ್ಚ ಬಂದ ಎನ್ನುತ್ತಾರೆ. ಬಾಯ್ಲರ್ ಇನ್ನೂ ಒಡೆದಿಲ್ಲ.

ಮೊನ್ನೆ ಒಬ್ಬಳು ನನ್ನ ಮುಖಕ್ಕೆ ಉಗಿದಳು. ಚಿಕ್ಕ ಪ್ರಾಯದವಳು. ಉಗಿದು, ಜೊತೆಯವರ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತ ಒಳಗೆ ಹೋದಳು. ಎಂಜಲು ಒರೆಸಿಕೊಳ್ಳುವಾಗ ಒಡೆಯಲಿ ಅಂದುಕೊಂಡೆ. ಇವತ್ತೇ ಒಡೆಯಲಿ, ಆಗ ಇವರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಅಂದುಕೊಂಡದ್ದು ನಾನೇ. ಗುರುಸ್ವಾಮಿಯಲ್ಲ.